ಮಗಳು ದಾಳ ಉರುಳಿಸಲು ಏಕೆ ಬರುತ್ತಿಲ್ಲ?

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನೆಲೆಸಿರುವ ದಾವಣಗೆರೆಯ ಓದುಗರೊಬ್ಬರ ಪತ್ರ ಈ ವಾರ ನನ್ನ ನಿದ್ದೆಗೆಡಿಸಿತು. ಪ್ರತಿ ಶನಿವಾರ ರಾತ್ರಿ ಅವರ ಮನೆಯಲ್ಲಿ ಸಹೋದ್ಯೋಗಿಗಳು ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಬೆಳೆಸುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಗುಂಪಿನ ಶ್ರದ್ಧಾವಂತ ಕ್ರೈಸ್ತ ಗೆಳೆಯ ಮೊದಲ ದಿನವೇ ಸೈತಾನನ ಸಂಗತಿ ಬೇಡವೆಂದಿದ್ದ, ಎಲ್ಲರೂ ಒಪ್ಪಿದ್ದರು. ಈಗ ಆಟ ನಡೆಸುವಾತ ಕಾಳಿಯನ್ನೇ ಆಟಗಾರರು ಕೊಲ್ಲಬೇಕಾದ ಶತ್ರುವನ್ನಾಗಿ ತಂದು ನಿಲ್ಲಿಸಿದ್ದಾನೆ. ‘ನಮಗೆ ಹಿಂದೂಗಳಿಗೆ ಇದೆಲ್ಲ ತೊಂದರೆಯಿಲ್ಲ’ ಎಂದು ನಕ್ಕುಬಿಟ್ಟ ಓದುಗರಿಗೆ ಈಗ ಇರಿಸುಮುರಿಸು. ಆಟ ಬಿಡಬೇಕೇ ಎಂದು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ನಾಲ್ಕು ಪುಟಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದೇ ಸಾಲು: ‘ನನ್ನ ಪರವಾಗಿ ದಾಳ ಉರುಳಿಸುತ್ತಿದ್ದ ಹನ್ನೊಂದು ವರ್ಷದ ಮಗಳು ಎರಡು ವಾರದಿಂದ ಮಹಡಿಯಿಂದ ಇಳಿಯುತ್ತಿಲ್ಲ, ಹೋಂವರ್ಕ್ ಹೆಚ್ಚಿರಬೇಕು.’ ಶನಿವಾರ ರಾತ್ರಿ ಯಾವ ಹೋಂವರ್ಕ್? ಅಜ್ಜಿಯ ಕೈಹಿಡಿದು ದುಗ್ಗಮ್ಮನ ಜಾತ್ರೆ ಕಂಡ ಮಗು ಅದೆಂದು ನೀವೇ ಬರೆದಿದ್ದೀರಿ. ನೆಂಟರೆದುರು ಹಲ್ಲುಕಿರಿದು ಒಪ್ಪಿಕೊಳ್ಳುವ ಅಪ್ಪನನ್ನು ಮಕ್ಕಳು ಮರೆಯುವುದಿಲ್ಲವೆಂದು ಈ ಅಂಕಣದಲ್ಲಿ ನಾನು ಎಷ್ಟು ಬಾರಿ ಬರೆದಿಲ್ಲ!

ನನ್ನ ಮರುಕ ನಿಮಗಿಂತ ಆ ಕ್ರೈಸ್ತ ಗೆಳೆಯನ ಕಡೆಗೇ ಹೆಚ್ಚು ವಾಲುತ್ತದೆ. 1980ರ ದಶಕದಲ್ಲಿ ಈ ಆಟವೇ ಸೈತಾನನ ಪೂಜೆಗೆ ಬಾಗಿಲೆಂದು ಅಲ್ಲಿ ದೊಡ್ಡ ಗುಲ್ಲೆದ್ದಿತ್ತು. ಅವನ ತಾಯಿ ಆಟದ ಪುಸ್ತಕಗಳನ್ನು ಹೊರಗೆಸೆದಿದ್ದರೆಂದು ಬರೆದಿದ್ದೀರಿ, ಅದೂ ಆಗಲೇ ಇರಬೇಕು. ಪ್ರಕಾಶಕರು 1989ರ ಎರಡನೆಯ ಆವೃತ್ತಿಯಲ್ಲಿ ‘ಡೆವಿಲ್’, ‘ಡೀಮನ್’ಗಳನ್ನು ಕೈಬಿಟ್ಟು, ಮುಂದೆ ಬೇರೆ ಹೆಸರಿಟ್ಟು ಮರಳಿ ತಂದರು. ಅದೇ ಪ್ರಕಾಶಕರು 1980ರಲ್ಲಿ ಹೊರತಂದ ದೇವತೆಗಳ ಪುಸ್ತಕದಲ್ಲಿ ವಿಷ್ಣುವಿಗೂ ಕಾಳಿಗೂ ಎಷ್ಟು ಪೆಟ್ಟು ಬಿದ್ದರೆ ಸಾವೆಂಬ ಅಂಕೆ ಕೊಟ್ಟಿದ್ದರು. ಗೆಳೆಯ ಬಾಯಿಬಿಟ್ಟು ಕೇಳಿದ, ಪಡೆದ. ನೀವು ಕೇಳಲೇ ಇಲ್ಲ. ಆಟ ನಡೆಸುವಾತನ ಮೇಲೆ ಮುನಿಸು ಬೇರೆ!

ನಿಜವಾಗಿ ಬೈಯಬೇಕಾದದ್ದು ‘ದೇವರನ್ನು ಆಟಕ್ಕೆಳೆದರೆ ಧರ್ಮ ಕೆಡುತ್ತದೆ’ ಎಂದು ಫೋನಿನಲ್ಲಿ ಹೆದರಿಸಿದ ನಿಮ್ಮ ಭಾವಮೈದುನನನ್ನು. ಅವರು ಒಮ್ಮೆ ಕರಾವಳಿಗೆ ಹೋಗಿ, ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆಯಿಂದ ಆರಂಭಿಸಿ ಬೆಳಗಿನ ತನಕ ಕುಳಿತು ‘ದೇವಿಮಹಾತ್ಮೆ’ ಯಕ್ಷಗಾನ ನೋಡಲಿ. ದೇವಿಯ ವೇಷ ಕಟ್ಟಿ ಆಡುವುದು ನಮಗೆ ಹೊಸದಲ್ಲ. ದೇವಿಯನ್ನು ಕೊಂದು ಅಂಕ ಗಳಿಸುವುದು ಬೇರೆ ಮಾತು, ಅದು ನಿಮ್ಮ ಮಗಳಿಗೆ ತಿಳಿದಿದೆ.

ಆಟ ಬಿಡಬೇಡಿ. ಈ ಶನಿವಾರ ಗೆಳೆಯರು ಬರುವ ಮುನ್ನ ಮಹಡಿ ಹತ್ತಿ, ಅಂದು ನಕ್ಕದ್ದು ಸುಳ್ಳು ನಗೆಯೆಂದು ಮಗಳಿಗೆ ಹೇಳಿ, ಅವಳು ಮಾತಾಡುವವರೆಗೆ ಅಲ್ಲೇ ಕುಳಿತಿರಿ. ಎಷ್ಟೋ ಗುಂಪುಗಳು ಎಕ್ಸ್ ಬರೆದ ಕಾರ್ಡೊಂದನ್ನು ಮೇಜಿನ ಮೇಲಿಟ್ಟಿರುತ್ತವೆ. ಅದನ್ನು ಮುಟ್ಟಿದರೆ ಬೇಡದ ಸಂಗತಿ ಆಟದಿಂದ ಹೊರಬೀಳುತ್ತದೆ, ಮುಟ್ಟಿದವರು ಕಾರಣ ಹೇಳಬೇಕಾಗಿಲ್ಲ. ನೀವು ಮಾತ್ರ ಕಾರಣ ಹೇಳಿ, ಮಹಡಿಗೆ ಕೇಳುವಷ್ಟು ಗಟ್ಟಿಯಾಗಿ.