ರೇಡಿಯೇಷನ್ ಆರಂಭವಾಗುವ ಮುನ್ನ ಕೇಳಬೇಕಾದ ಪ್ರಶ್ನೆ

ಪ್ರಶ್ನೆ: ನನಗೆ 29 ವರ್ಷ. ಮದುವೆಯಾಗಿ ಎರಡು ವರ್ಷವಾಗಿದೆ, ಮಕ್ಕಳಿಲ್ಲ. ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿಯೆಂದು ತಿಳಿದು ಏಳೆಂಟು ತಿಂಗಳು ಕಳೆದೆ. ಈಗ ಗುದನಾಳದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ತಿಳಿದುಬಂದಿದೆ. ಐದು ವಾರ ರೇಡಿಯೇಷನ್ ಮತ್ತು ಮಾತ್ರೆ, ಆಮೇಲೆ ಆಪರೇಷನ್ ಎಂದಿದ್ದಾರೆ. ಆಪರೇಷನ್ ಆದ ಮೇಲೆ ನನಗೆ ಮಕ್ಕಳಾಗುವುದೇ? ಮನೆಯವರು ‘ಮೊದಲು ಜೀವ ಉಳಿಯಲಿ’ ಎನ್ನುತ್ತಾರೆ. ಡಾಕ್ಟರರ ಮುಂದೆ ಕೇಳಲು ಸಂಕೋಚವಾಯಿತು.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನೀವು ಸಂಕೋಚಪಟ್ಟ ಈ ಪ್ರಶ್ನೆಯನ್ನು ನಿಮ್ಮ ವೈದ್ಯರೇ ಮೊದಲು ಎತ್ತಬೇಕಾಗಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೀವ ಉಳಿಯಬೇಕೆಂಬುದಕ್ಕೂ ಮುಂದೆ ತಾಯಿಯಾಗಬೇಕೆಂಬುದಕ್ಕೂ ವಿರೋಧವೇನೂ ಇಲ್ಲ. ಆದರೆ ಎರಡನೆಯದಕ್ಕೆ ವ್ಯವಸ್ಥೆ ಮಾಡಿಕೊಳ್ಳಲು ಇರುವ ಕಾಲ ಬಹಳ ಕಡಿಮೆ, ಮತ್ತು ಅದು ಆಪರೇಷನ್ ದಿನದವರೆಗೆ ಅಲ್ಲ, ರೇಡಿಯೇಷನ್ ಮೊದಲ ದಿನದವರೆಗೆ ಮಾತ್ರ.

ಗುದನಾಳದ ಶಸ್ತ್ರಚಿಕಿತ್ಸೆಯಲ್ಲಿ, ಗಡ್ಡೆ ಅಲ್ಲಿಯವರೆಗೆ ಹಬ್ಬಿರದಿದ್ದರೆ, ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯುವುದಿಲ್ಲ. ಗಾಯ ಮಾಯುವಾಗ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಗರ್ಭನಾಳ ಮುಚ್ಚಿಹೋಗಬಹುದು. ಅದಕ್ಕೆ ಐವಿಎಫ್ (ದೇಹದ ಹೊರಗೆ ಅಂಡಾಣು–ವೀರ್ಯಾಣು ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು) ದಾರಿಯಿದೆ. ಹೊಟ್ಟೆಯ ಮೇಲೆ ಮಲದ ಚೀಲ ಹಾಕಿಸಿಕೊಂಡ ಮಹಿಳೆಯರೂ ಗರ್ಭ ಧರಿಸಿ ಹೆತ್ತಿದ್ದಾರೆ.

ನಿಜವಾದ ಅಪಾಯ ರೇಡಿಯೇಷನ್‌ನಿಂದ. ಐದು ವಾರದ ಚಿಕಿತ್ಸೆಯಲ್ಲಿ ಕಿಬ್ಬೊಟ್ಟೆಗೆ ಸುಮಾರು 45ರಿಂದ 50 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದ ವಿಕಿರಣ ಬೀಳುತ್ತದೆ. ಅಂಡಾಶಯದಲ್ಲಿರುವ ಅಂಡಾಣುಗಳಲ್ಲಿ ಅರ್ಧದಷ್ಟು ನಾಶವಾಗಲು 2 ಗ್ರೇಗಿಂತಲೂ ಕಡಿಮೆ ಸಾಕು. ಆದ್ದರಿಂದ ಅಂಡಾಶಯಗಳು ವಿಕಿರಣದ ಹಾದಿಯಲ್ಲಿದ್ದರೆ ಚಿಕ್ಕ ವಯಸ್ಸಿನಲ್ಲಿಯೇ ಮುಟ್ಟು ನಿಂತುಹೋಗುವ ಸಾಧ್ಯತೆ ಬಹಳ ಹೆಚ್ಚು. ಲ್ಯಾಪರೋಸ್ಕೋಪಿಯ ಮೂಲಕ ಅವುಗಳನ್ನು ಮೇಲಕ್ಕೆ, ಪಕ್ಕಕ್ಕೆ ಸರಿಸಿ ಹೊಲಿದಿಡಬಹುದು. ಇದು ಎಲ್ಲರಲ್ಲೂ ಫಲಿಸುವುದಿಲ್ಲವಾದರೂ ಮುಟ್ಟು ಮತ್ತು ಹಾರ್ಮೋನುಗಳನ್ನು ಉಳಿಸಿಕೊಳ್ಳಲು ಇದು ಒಳ್ಳೆಯ ಪ್ರಯತ್ನ. ಗರ್ಭಕೋಶವನ್ನು ಹಾಗೆ ಸುಲಭವಾಗಿ ಸರಿಸಲಾಗದು. ವಿಕಿರಣ ತಗುಲಿದ ಗರ್ಭಕೋಶದ ಸ್ನಾಯು ಬಿಗಿಯಾಗಿ, ರಕ್ತಸಂಚಾರ ಕುಗ್ಗಿ, ಗರ್ಭ ನಿಲ್ಲುವುದೂ ತಿಂಗಳು ತುಂಬುವುದೂ ಕಷ್ಟವಾಗಬಹುದು. ಈ ಮಾತನ್ನು ಬರೆಯಲು ನನಗೆ ನೋವಾಗುತ್ತದೆ, ಆದರೆ ಅಂಡಾಣುಗಳನ್ನು ಸಂಗ್ರಹಿಸಿಟ್ಟರೆ ಎಲ್ಲವೂ ಸರಿಹೋಯಿತೆಂದು ನೀವು ತಿಳಿಯಬಾರದು.

ಈ ಕಾರಣಕ್ಕೆ ನೀವು ಮೊದಲು ಕೇಳಬೇಕಾದದ್ದು, ನಿಮ್ಮ ಗಡ್ಡೆಗೆ ರೇಡಿಯೇಷನ್ ಇಲ್ಲದೆ ಆಗುವುದೇ ಎಂದು. ಅಮೆರಿಕ ಮೊದಲಾದ ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಪ್ರಾಸ್ಪೆಕ್ಟ್’ ಅಧ್ಯಯನದಲ್ಲಿ, ಆಯ್ದ ರೋಗಿಗಳಿಗೆ ಮೊದಲು ಕೀಮೋ ಮಾತ್ರ ಕೊಟ್ಟು, ಗಡ್ಡೆ ಸಾಕಷ್ಟು ಕುಗ್ಗದವರಿಗಷ್ಟೇ ರೇಡಿಯೇಷನ್ ಕೊಟ್ಟಾಗಲೂ ಫಲಿತಾಂಶ ಕಡಿಮೆಯಾಗಲಿಲ್ಲ. ಗಡ್ಡೆ ಬಹಳ ಕೆಳಗಿದ್ದರೆ ಅಥವಾ ಹೆಚ್ಚು ಹರಡಿದ್ದರೆ ಇದು ಹೊಂದುವುದಿಲ್ಲ. ಬಯಾಪ್ಸಿಯ ತುಣುಕಿನಲ್ಲಿಯೇ ‘ಎಂಎಂಆರ್’ (ಜೀವಕೋಶಗಳು ತಮ್ಮ ಡಿಎನ್‌ಎ ತಪ್ಪುಗಳನ್ನು ತಿದ್ದಿಕೊಳ್ಳುವ ವ್ಯವಸ್ಥೆ) ಪರೀಕ್ಷೆಯನ್ನೂ ಮಾಡಿಸಿ. ಅದರಲ್ಲಿ ದೋಷ ಕಂಡುಬರುವುದು ಕೆಲವರಲ್ಲಿ ಮಾತ್ರ. ಆದರೆ ಅಂಥವರಲ್ಲಿ ಇಮ್ಯುನೋಥೆರಪಿಯಿಂದಲೇ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಚ್ಚರಿಸುವ ಔಷಧಿ) ಗಡ್ಡೆ ಕರಗಿ, ರೇಡಿಯೇಷನ್ನೂ ಆಪರೇಷನ್ನೂ ಬೇಡವಾದ ಉದಾಹರಣೆಗಳು 2022ರಿಂದ ವರದಿಯಾಗಿವೆ. ಔಷಧಿ ತುಂಬ ದುಬಾರಿ.

ರೇಡಿಯೇಷನ್ ತಪ್ಪದಿದ್ದರೆ ಅಂಡಾಣು ಅಥವಾ ಭ್ರೂಣ ಸಂಗ್ರಹಿಸಲು ಹತ್ತರಿಂದ ಹದಿನಾಲ್ಕು ದಿನದ ಇಂಜೆಕ್ಷನ್ ಬೇಕಾಗುತ್ತದೆ. ಈಗ ಅದನ್ನು ತಿಂಗಳ ಯಾವ ದಿನವಾದರೂ ಆರಂಭಿಸಬಹುದು, ಮುಟ್ಟಿಗಾಗಿ ಕಾಯಬೇಕಾಗಿಲ್ಲ. ಕರುಳು ಕಟ್ಟಿಕೊಳ್ಳುವ ಅಥವಾ ವಿಪರೀತ ರಕ್ತಸ್ರಾವದ ತುರ್ತಿಲ್ಲದಿದ್ದರೆ ಎರಡು ವಾರದ ಅವಕಾಶವನ್ನು ಬಹುಮಟ್ಟಿಗೆ ಹೊಂದಿಸಬಹುದು. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯಡಿ ನೋಂದಾಯಿತವಾದ ಕೇಂದ್ರಕ್ಕೇ ಹೋಗಿ.

ಇದೇ ಕಾಯಿಲೆಯ ಯುವಕರಿಗೂ ಒಂದು ಮಾತು: ಶಸ್ತ್ರಚಿಕಿತ್ಸೆಯಲ್ಲಿ ಸೂಕ್ಷ್ಮ ನರಗಳಿಗೆ ಪೆಟ್ಟಾಗಿ ಸ್ಖಲನಕ್ಕೆ ತೊಂದರೆಯಾಗಬಹುದು; ವೀರ್ಯ ಸಂಗ್ರಹ ಒಂದೆರಡು ದಿನದ ಕೆಲಸ.

ಮತ್ತೆ ಸಂಕೋಚವಾದರೆ ಚೀಟಿಯಲ್ಲಿ ಬರೆದುಕೊಂಡು, ಪತಿಯನ್ನೂ ಕರೆದುಕೊಂಡು ಹೋಗಿ: ‘ರೇಡಿಯೇಷನ್ ತಪ್ಪಿಸಬಹುದೇ? ಎಂಎಂಆರ್ ವರದಿ ಏನು? ಎರಡು ವಾರ ಸಮಯವಿದೆಯೇ? ಅಂಡಾಶಯ ಸರಿಸಬಹುದೇ?’ ಚೀಟಿಯನ್ನು ವೈದ್ಯರ ಕೈಗೇ ಕೊಡಿ.