ವಯಸ್ಸಾಗಿದೆ ಅಂತ ಅಪ್ಪನಿಗೆ ಒಪ್ಪಿಸುವುದು ಹೇಗೆ?

69ರ ಅಪ್ಪ ಇನ್ನೂ ಸ್ಕೂಟರ್ ಓಡಿಸುತ್ತಾರೆ, ವಯಸ್ಸಿನ ಮಾತೆತ್ತಿದರೆ ರೇಗುತ್ತಾರೆ ಅಂತ ಬರೆದಿದ್ದೀರಿ. ಒಪ್ಪಿಸಲೇಬೇಡಿ, ಅಮ್ಮಾ. ನಾನು ಒಪ್ಪಿಕೊಂಡವನು, ಅದೂ ಯಾರೂ ಒತ್ತಾಯ ಮಾಡದೆ.

ಬ್ಯಾಂಕಿನಿಂದ ರಿಟೈರ್ ಆದಮೇಲೆ ಶುರುವಾದದ್ದು. ಮನೆಯವಳು ಅಡುಗೆಮನೆಯಿಂದಲೇ ಸೊಪ್ಪು ತನ್ನಿ ಅಂತ ಕೂಗಿದರೆ ನಾನು ಉಪ್ಪಿನ ಪ್ಯಾಕೆಟ್ ಹಿಡಿದು ಬರುತ್ತಿದ್ದೆ. 'ಅರವತ್ತಕ್ಕೆ ಅರಳುಮರಳು' ಅಂತ ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಆದರೆ ಒಳಗೊಳಗೇ ನಂಬಿಬಿಟ್ಟೆ. ಬಡಾವಣೆ ಸಂಘದ ಖಜಾಂಚಿ ಕೆಲಸ ಬಿಟ್ಟೆ. ಲೆಕ್ಕ ಒಂದು ಪೈಸೆ ತಪ್ಪಿರಲಿಲ್ಲ, ಆದರೂ ಬಿಟ್ಟೆ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗಂತೂ ಔಷಧಿ ಅಂಗಡಿಯ ಹುಡುಗ ಹೇಳಿದ್ದು ಒಂದೂ ತಲೆಗೆ ಹೋಗುತ್ತಿರಲಿಲ್ಲ. ಮುಗೀತು, ಇನ್ನು ಮರೆಗುಳಿ ಕಾಯಿಲೆಯೇ ಅಂದುಕೊಂಡೆ.

ಎಡವಟ್ಟಾಗಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಿವಿ ಮಂದ ಅಂದರೆ ಸದ್ದೇ ಕೇಳದಿರುವುದು ಅಂತ ನನ್ನ ಲೆಕ್ಕ. ನನಗೆ ಬಸ್ಸಿನ ಸದ್ದು ಕೇಳುತ್ತಿತ್ತು, ಪಕ್ಕದ ಮನೆ ಟಿವಿ ಕೇಳುತ್ತಿತ್ತು. ಹಾಗಾಗಿ ಕಿವಿಯನ್ನು ಪಾಸು ಮಾಡಿ ತಲೆಯನ್ನು ಫೇಲು ಮಾಡಿದೆ. ವಯಸ್ಸಿನ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು: ಸ, ಶ, ತ, ಕ ಇಂಥವು. ಸ್ವರಗಳು ಉಳಿದಿರುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. 'ಸೊಪ್ಪು' ಇಂದ 'ಸ' ಉದುರಿದರೆ ಏನು ಉಳಿಯುತ್ತದೆ ನೋಡಿ. ಇನ್ನು ತುಟಿ ನೋಡಿಕೊಂಡೇ ಮಾತು ಹಿಡಿಯುತ್ತಿದ್ದೆ ಅನ್ನುವುದು ಮಾಸ್ಕ್ ಬಂದಮೇಲೂ ಹೊಳೆಯಲಿಲ್ಲ.

ಫೋನಿನಲ್ಲಿ ತುಟಿ ಎಲ್ಲಿ ಕಾಣಬೇಕು? ಹಳೆಯ ಲ್ಯಾಂಡ್‌ಲೈನು 3,400 ಹರ್ಟ್ಸ್‌ಗಿಂತ (ಸದ್ದಿನ ತೀಕ್ಷ್ಣತೆಯ ಅಳತೆ ಅದು) ಮೇಲಿನ ಸದ್ದನ್ನೇ ದಾಟಿಸುವುದಿಲ್ಲ, 'ಸ'ಕಾರದ ಬಹುಪಾಲು ಅಲ್ಲೇ ಕತ್ತರಿಸಿ ಹೋಗುತ್ತದೆ. ಸಾಗರದಿಂದ ಅಕ್ಕ ವಾರವಾರ ಫೋನ್ ಮಾಡುತ್ತಿದ್ದಳು. 'ಹೂಂ, ಹೂಂ' ಅಂದು ರಿಸೀವರ್ ಹೆಂಡತಿ ಕೈಗೆ ಕೊಟ್ಟುಬಿಡುತ್ತಿದ್ದೆ. ಆಗಷ್ಟೇ ಅಡಿಕೆ ತೋಟ ಪಾಲಾಗಿತ್ತು. ತಮ್ಮನಿಗೆ ಪಾಲಿನ ಸಿಟ್ಟು ಅಂತ ಅವಳು ತಿಳಿದಳು, ಫೋನ್ ನಿಂತಿತು. ಯಾಕೆ ನಿಂತಿತು ಅಂತ ನಾನು ಕೇಳಲಿಲ್ಲ. ವಯಸ್ಸಾದವರಿಗೆ ನಂಟು ಕಮ್ಮಿಯಾಗುವುದು ಸಹಜ ಅಂತ ಅದನ್ನೂ ವಯಸ್ಸಿನ ಖಾತೆಗೇ ಬರೆದೆ!

ಮೈಸೂರಿನ ಮದುವೆಯೊಂದಕ್ಕೆ ಹೋದಾಗ ಅಳಿಯ ಹಿಡಿದುಕೊಂಡು ಹೋಗಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕೂರಿಸಿದ. ಮೊದಲು ಗುಗ್ಗೆ ತೆಗೆದರು, ಆಮೇಲೆ ಸದ್ದು ಹೊಗದ ಕೋಣೆಯಲ್ಲಿ ಪರೀಕ್ಷೆ. ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ತೋರಿಸುವ ಆಡಿಯೋಗ್ರಾಂ ನಕ್ಷೆಯಲ್ಲಿ ಗೆರೆ ಎಡಗಡೆ, ಅಂದರೆ ದಪ್ಪ ಸದ್ದುಗಳ ಕಡೆ, ಚೆನ್ನಾಗಿದ್ದು ಬಲಕ್ಕೆ, ತೀಕ್ಷ್ಣ ಸದ್ದುಗಳ ಕಡೆಗೆ, ಬರುಬರುತ್ತಾ ಜಾರಿತ್ತು. ಮರೆವಿನ ಮಾತೇ ಬರಲಿಲ್ಲ. ಕಿವಿ ಮಷಿನ್ ಹಾಕಿಕೊಂಡ ಹೊಸದರಲ್ಲಿ ಪೇಪರ್ ಮಡಚಿದರೂ ತಲೆ ಚಿಟ್ಟು ಹಿಡಿಯುತ್ತಿತ್ತು. ಮಿದುಳು ಮತ್ತೆ ಒಗ್ಗಿಕೊಳ್ಳಲು ವಾರಗಳು ಬೇಕು. ಬಹಳ ಜನ ಅಲ್ಲೇ ಬೇಸತ್ತು ಡಬ್ಬಿಗೆ ಹಾಕಿಡುತ್ತಾರೆ. ಅಕ್ಕ ಈಗ ಮಾತಾಡುತ್ತಾಳೆ, ಆದರೆ ಮೊದಲಿನ ಸಲಿಗೆ ಇಲ್ಲ.

ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅಮೆರಿಕದ ಓಹಾಯೋ ರಾಜ್ಯದ, 50 ದಾಟಿದ 660 ಜನರ ಮಾಹಿತಿ ಅದು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ 7.5 ವರ್ಷ ಹೆಚ್ಚು ಬದುಕಿದ್ದರಂತೆ. ಆರೋಗ್ಯ ಇದ್ದವರಿಗೇ ಒಳ್ಳೆಯ ಭಾವನೆ ಇರುತ್ತದಲ್ಲ ಅಂತ ನೀವು ತಕರಾರು ತೆಗೆಯಬಹುದು. ಅವರು ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿದೇ ಹೇಳಿದ್ದು. ನಿಮ್ಮ ತಂದೆಗೆ ಇರುವ ಆ ಭಾವನೆಯನ್ನು ಕಿತ್ತುಕೊಂಡು ಏನು ಮಾಡುತ್ತೀರಿ?

'ನಿಮಗೆ ವಯಸ್ಸಾಯ್ತು' ಅನ್ನುವುದು ಬಿಟ್ಟು 'ಕಣ್ಣು ತೋರಿಸಿಕೊಂಡು ಬರೋಣ' ಅನ್ನಿ. ಪೊರೆ ಬಂದಿದ್ದರೆ ಎದುರು ಗಾಡಿಯ ದೀಪ ಚದುರಿ ಕಾಣುತ್ತದೆ, ಅದನ್ನು ಅವರೇ ಗಮನಿಸಿರುತ್ತಾರೆ, ನಿಮಗೆ ಹೇಳಿರುವುದಿಲ್ಲ. ಪರೀಕ್ಷೆ ಆಗುವ ತನಕ ಗಾಡಿ ಮುಟ್ಟಬೇಡಿ ಅಂತ ಖಂಡಿತವಾಗಿ ಹೇಳಿ, ಅದರಲ್ಲಿ ದಾಕ್ಷಿಣ್ಯ ಬೇಡ. ಡಾಕ್ಟರು ಸರಿ ಅಂದರೆ ಕೀ ವಾಪಸ್ ಕೊಡಿ. ಕಿವಿಯನ್ನೂ ಅದೇ ಓಡಾಟದಲ್ಲಿ ತೋರಿಸಿಬಿಡಿ.