ಐನ್‌ಸ್ಟೈನ್ ಬಂದ ಮೇಲೆ ಕಾಲದ ವಿಷಯದಲ್ಲಿ ತತ್ವಶಾಸ್ತ್ರಕ್ಕೆ ಏನು ಕೆಲಸ?

ಕಾಲ ಎಂದರೇನು ಎಂಬುದನ್ನು ಐನ್‌ಸ್ಟೈನ್ ತೀರ್ಮಾನಿಸಿಬಿಟ್ಟ ಮೇಲೆ ತತ್ವಜ್ಞಾನಿಗಳು ಹೇಳುವುದು ಇನ್ನೇನು ಉಳಿದಿದೆ ಎಂದು ಕೇಳಿದ್ದೀರಿ. ತುಂಬಾ ಉಳಿದಿದೆ. ಐನ್‌ಸ್ಟೈನ್ ಆ ಜಾಗಕ್ಕೆ ತಲುಪಿದ್ದೇ ತತ್ವಜ್ಞಾನಿಗಳನ್ನು ಓದಿಕೊಂಡು.

ಜಗತ್ತಿನಲ್ಲಿ ಏನೇ ನಡೆಯಲಿ, ಬಿಡಲಿ, ಕಾಲ ತನ್ನ ಪಾಡಿಗೆ ಒಂದೇ ಸಮನೆ ಹರಿಯುತ್ತದೆ ಎಂದು ನ್ಯೂಟನ್ 1687ರಲ್ಲಿ ಬರೆದರು. ಅವರ ಕಾಲದ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ಒಪ್ಪಲಿಲ್ಲ. ಘಟನೆಗಳು ಒಂದರ ಹಿಂದೆ ಒಂದು ಬರುವ ಕ್ರಮವೇ ಕಾಲ, ಘಟನೆಗಳೇ ಇಲ್ಲದಿದ್ದರೆ ಕಾಲವೂ ಇಲ್ಲ ಎಂದರು. ಆದರೆ ನ್ಯೂಟನ್ನರ ಲೆಕ್ಕಗಳು ಸರಿಯಾಗಿ ಬರುತ್ತಿದ್ದವು. ಹಾಗಾಗಿ ಅವರ ಮಾತೇ ನಡೆಯಿತು.

ಯಾರ ಅನುಭವಕ್ಕೂ ಸಿಗದ, ಯಾವ ಅಳತೆಗೂ ನಿಲುಕದ ಅಂಥ ಕಾಲವನ್ನು ನಂಬುವುದು ಯಾಕೆ ಎಂದು 19ನೇ ಶತಮಾನದಲ್ಲಿ ಭೌತವಿಜ್ಞಾನಿಯೂ ತತ್ವಜ್ಞಾನಿಯೂ ಆಗಿದ್ದ ಮಾಖ್ ಗಟ್ಟಿಯಾಗಿ ಕೇಳಿದರು. 18ನೇ ಶತಮಾನದ ತತ್ವಜ್ಞಾನಿ ಹ್ಯೂಮ್ ಮತ್ತು ಈ ಮಾಖ್ ಅವರಿಂದ ಕಲಿತದ್ದನ್ನು ಐನ್‌ಸ್ಟೈನ್ ತಾವೇ ಹೇಳಿಕೊಂಡಿದ್ದಾರೆ. 1905ರಲ್ಲಿ ಅವರು ಎತ್ತಿದ ಪ್ರಶ್ನೆಯೂ ಅದೇ ಜಾತಿಯದು: ದೂರದೂರದ ಎರಡು ಘಟನೆಗಳು ಒಂದೇ ಹೊತ್ತಿಗೆ ನಡೆದವು ಎಂದು ಗೊತ್ತುಮಾಡುವುದು ಹೇಗೆ? ಬೆಳಕಿನ ಸಂಕೇತ ಕಳಿಸಿಯೇ ಗಡಿಯಾರಗಳನ್ನು ಹೊಂದಿಸಬೇಕು, ಅಲ್ವಾ? ಬೆಳಕಿನ ವೇಗ ಎಲ್ಲರ ಅಳತೆಗೂ ಒಂದೇ. ಹಾಗಾಗಿ ನನಗೆ ಒಟ್ಟಿಗೆ ಆದದ್ದು, ಓಡುತ್ತಿರುವ ನಿಮಗೆ ಹಿಂದೆಮುಂದೆ ಆಗಿರಬಹುದು.

ಇದು ಸುಮ್ನೆ ಕಾಗದದ ಮೇಲಿನ ಮಾತಲ್ಲ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ತುಂಬಾ ನಿಖರವಾದ ಸೀಸಿಯಂ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿ ಇಟ್ಟುಕೊಂಡು ಭೂಮಿ ಸುತ್ತಿದರು. ಪೂರ್ವಕ್ಕೆ ಹೋದಾಗ ಅವು ನೆಲದ ಗಡಿಯಾರಕ್ಕಿಂತ ಸುಮಾರು 59 ನ್ಯಾನೊಸೆಕೆಂಡ್ (ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದಾಗ ಸುಮಾರು 273 ನ್ಯಾನೊಸೆಕೆಂಡ್ ಮುಂದೆ ಹೋದವು. ಭೂಮಿಯೇ ಪೂರ್ವಕ್ಕೆ ತಿರುಗುತ್ತಿದೆ, ಆದ್ದರಿಂದ ಆ ಕಡೆಯ ವಿಮಾನದ ಒಟ್ಟು ವೇಗ ಜಾಸ್ತಿ. ವೇಗ ಜಾಸ್ತಿಯಾದಷ್ಟೂ ಗಡಿಯಾರ ನಿಧಾನ. ಮೇಲೆ ಹೋದಷ್ಟೂ ಅದು ಚುರುಕು. ಈ ಎರಡೂ ಸೇರಿ ಜಿಪಿಎಸ್ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು) ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ನಕ್ಷೆಯಲ್ಲಿ ನಮ್ಮ ಜಾಗ ದಿನಕ್ಕೆ ಕಿಲೋಮೀಟರ್‌ಗಟ್ಟಲೆ ತಪ್ಪುತ್ತದೆ.

ಆದರೆ ಭೌತಶಾಸ್ತ್ರದ ಸಮೀಕರಣಗಳಲ್ಲಿ 'ಈಗ' ಎಂಬುದಕ್ಕೆ ಜಾಗವೇ ಇಲ್ಲ. 1922ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್, ನಾವು ಬಾಳುವ ಕಾಲವನ್ನು ಗಡಿಯಾರ ಹಿಡಿಯಲಾರದು ಎಂದು ಐನ್‌ಸ್ಟೈನ್ ಎದುರೇ ವಾದಿಸಿದರು. ತತ್ವಜ್ಞಾನಿಗಳ ಕಾಲ ಎಂಬುದೇ ಇಲ್ಲ ಎಂದು ಐನ್‌ಸ್ಟೈನ್ ಅದನ್ನು ತಳ್ಳಿಹಾಕಿದರು. ಅದೇ ಐನ್‌ಸ್ಟೈನ್ ಮುಂದೆ ತತ್ವಜ್ಞಾನಿ ಕಾರ್ನಾಪ್ ಹತ್ತಿರ, 'ಈಗ' ಎಂಬ ಸಮಸ್ಯೆ ತಮ್ಮನ್ನು ತುಂಬಾ ಕಾಡುತ್ತದೆ, ಅದು ಭೌತಶಾಸ್ತ್ರದ ಹಿಡಿತಕ್ಕೆ ಸಿಗುವಂಥದ್ದಲ್ಲ ಎಂದರಂತೆ.

ಹಾಗಾದರೆ 'ಈಗ' ಬರೀ ಭ್ರಮೆ, ನಾಳೆಯೂ ನಿನ್ನೆಯಷ್ಟೇ ನಿಜವಾಗಿ ಈಗಾಗಲೇ ಇದೆ ಎಂದು ಕೆಲವರು ಹೇಳುತ್ತಾರೆ. ಅಳತೆಗೆ ಸಿಗದ್ದೆಲ್ಲ ಸುಳ್ಳು ಎಂದು ಮೊದಲೇ ಒಪ್ಪಿಕೊಂಡರೆ ಮಾತ್ರ ಆ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.